ಒಂದು ಕತೆಯ ಪಾಲುಪಟ್ಟಿ

ಒಂದು ಕತೆಯನ್ನು ಮೂರು ಪಾಲು ಮಾಡುವ ವಿದ್ಯೆಯಲ್ಲಿ ಸಿನಿಮಾದವರು ನಮ್ಮ ಹಳೇ ಶಾನುಭೋಗರನ್ನು ಮೀರಿಸಿ ಬಹಳ ಕಾಲವಾಯಿತು. ಶಾನುಭೋಗರಿಗೆ ಪಾಲುಪಟ್ಟಿ ಬರೆಯಲು ಮೂವರು ಅಣ್ಣತಮ್ಮಂದಿರಾದರೂ ಬೇಕಿತ್ತು, ಅವರ ನಡುವೆ ಒಂದು ಜಗಳವಾದರೂ ಬೇಕಿತ್ತು. ಸಿನಿಮಾದವರಿಗೆ ಒಬ್ಬನೇ ವಾರಸುದಾರ ಸಾಕು, ಟಿಕೆಟ್ ಕೊಳ್ಳುವವನು. ಮೂರೂ ಪಾಲನ್ನು ಅವನಿಗೇ ಕೊಟ್ಟು, ಮೂರು ಸಲ ನೋಂದಣಿ ಶುಲ್ಕ ವಸೂಲು ಮಾಡುತ್ತಾರೆ. ಜಗಳವನ್ನು ಆಮೇಲೆ ಅವನೇ ಮಾಡಿಕೊಳ್ಳುತ್ತಾನೆ, ಬಿಟ್ಟಿಯಾಗಿ.

ಈ ವಿದ್ಯೆಯ ಮಾದರಿ ದಸ್ತಾವೇಜು ಎಂದರೆ 'ದಿ ಹಾಬಿಟ್'. ಟೋಲ್ಕಿನ್ ಮಕ್ಕಳಿಗಾಗಿ ಬರೆದು 1937ರಲ್ಲಿ ಅಚ್ಚಾದ ಪುಸ್ತಕ. 19 ಅಧ್ಯಾಯ, ಹೆಚ್ಚುಕಮ್ಮಿ 300 ಪುಟ, ಇಂಗ್ಲಿಷಿನಲ್ಲಿ ಸುಮಾರು 95 ಸಾವಿರ ಪದ. ನಿರ್ದೇಶಕ ಪೀಟರ್ ಜಾಕ್ಸನ್ ಮೊದಲು ಎರಡು ಸಿನಿಮಾ ಎಂದು ಹೊರಟರು. ಮುಖ್ಯ ಚಿತ್ರೀಕರಣ ಮುಗಿದ 2012ರ ಜುಲೈ ತಿಂಗಳಲ್ಲೇ, ಎರಡಲ್ಲ, ಮೂರು ಎಂಬ ಘೋಷಣೆ ಬಂತು. 169, 161, 144, ಒಟ್ಟು 474 ನಿಮಿಷ. ಪುಟವೊಂದಕ್ಕೆ ಒಂದೂವರೆ ನಿಮಿಷಕ್ಕೂ ಮಿಕ್ಕಿ ಬಿತ್ತು. ಇದೇ ನಿರ್ದೇಶಕರು ಇದಕ್ಕೂ ಮೊದಲು, 2001ರಿಂದ 2003ರವರೆಗೆ, ಸಾವಿರ ಪುಟ ದಾಟುವ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅನ್ನು 558 ನಿಮಿಷದಲ್ಲಿ ಮುಗಿಸಿದ್ದರು. ಅಲ್ಲಿ ಪುಟಕ್ಕೆ ಅರ್ಧ ನಿಮಿಷ. ಓದಲು ಪುರುಸೊತ್ತಿಲ್ಲ, ಅದಕ್ಕೇ ಸಿನಿಮಾ ನೋಡುತ್ತೇನೆ ಎನ್ನುವವರು ಇಲ್ಲೊಂದು ಲೆಕ್ಕ ಹಾಕಬೇಕು. ನಿಮಿಷಕ್ಕೆ 250 ಪದದ ಸಾಧಾರಣ ವೇಗದಲ್ಲಿ ಓದಿದರೂ 'ಹಾಬಿಟ್' ಪುಸ್ತಕ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಸಿನಿಮಾ ನೋಡಲು ಏಳು ಗಂಟೆ ಐವತ್ತನಾಲ್ಕು ನಿಮಿಷ, ಪಾರ್ಕಿಂಗ್ ಹುಡುಕುವ ಹೊತ್ತು ಬೇರೆ.

ಹಾಗೆಂದು ಎಂಟು ಗಂಟೆ ತುಂಬಿಸುವುದು ಹುಡುಗಾಟವಲ್ಲ. ಆ ಪುಸ್ತಕದಲ್ಲಿ ಇಲ್ಲದ ಬಿಲ್ಲುಗಾರ ಲೆಗೊಲಸ್‌ನನ್ನು ಹಳೇ ಸರಣಿಯಿಂದ ಕೈಗಡ ತಂದರು. ಟೋಲ್ಕಿನ್ ಎಲ್ಲಿಯೂ ಬರೆಯದ ಟೌರಿಯೆಲ್ ಎಂಬ ಬಿಲ್ಲುಗಾತಿಯನ್ನು ಹೊಸದಾಗಿ ಹುಟ್ಟಿಸಿದರು. ಬಿಲ್ಲುಗಾತಿ ಬಂದ ಮೇಲೆ ಪ್ರೇಮ ಬೇಡವೇ? ಹದಿಮೂರು ಜನ ಕುಳ್ಳರಲ್ಲಿ ನೋಡಲು ಲಕ್ಷಣವಾಗಿದ್ದವನೊಬ್ಬನನ್ನು ಅವಳಿಗೆ ಗೊತ್ತುಮಾಡಿದರು. ಪುಸ್ತಕದಲ್ಲಿ ಈ ಕುಳ್ಳರು ಪೀಪಾಯಿಗಳೊಳಗೆ ಕೂತು, ಮುಚ್ಚಳ ಹಾಕಿಸಿಕೊಂಡು, ಸದ್ದಿಲ್ಲದೆ ಹೊಳೆಯಲ್ಲಿ ತೇಲಿ ಪಾರಾಗುತ್ತಾರೆ. ಸಿನಿಮಾದ ಪೀಪಾಯಿಗಳಿಗೆ ಮುಚ್ಚಳವೇ ಇಲ್ಲ. ಮುಚ್ಚಳ ಹಾಕಿಬಿಟ್ಟರೆ ಹೊಡೆದಾಡುವುದು ಹೇಗೆ? ಇನ್ನು ಕೊನೆಯ ಮಹಾಯುದ್ಧ. ಪುಸ್ತಕದಲ್ಲಿ ನಾಯಕ ಬಿಲ್ಬೊನ ತಲೆಗೆ ಕಲ್ಲು ಬಿದ್ದು ಎಚ್ಚರ ತಪ್ಪುತ್ತದೆ, ಕಣ್ಣು ಬಿಡುವಾಗ ಯುದ್ಧ ಮುಗಿದಿರುತ್ತದೆ. ಸಿನಿಮಾದಲ್ಲೂ ಅವನ ತಲೆಗೆ ಪೆಟ್ಟು ಬೀಳುತ್ತದೆ. ಆದರೆ ಕ್ಯಾಮೆರಾದ ತಲೆಗೆ ಬೀಳುವುದಿಲ್ಲವಲ್ಲ.

ಪಾಲು ಮಾಡುವಾಗ ಗೋಡೆ ಎಲ್ಲಿ ಎಬ್ಬಿಸಬೇಕು ಎಂಬುದೇ ಕೈಚಳಕ. ಎರಡನೇ ಭಾಗದ ಕೊನೆಯಲ್ಲಿ ಸ್ಮಾಗ್ ಎಂಬ ಡ್ರ್ಯಾಗನ್ ಊರು ಸುಡಲು ರೆಕ್ಕೆ ಬಿಚ್ಚಿ ಹಾರುತ್ತದೆ, ಪರದೆ ಕತ್ತಲಾಗುತ್ತದೆ. ಮುಂದೇನು ಎಂದು ಜಗತ್ತು ಒಂದು ವರ್ಷ ಕಾಯಿತು. ಮೂರನೇ ಭಾಗದಲ್ಲಿ ಚಿತ್ರದ ಹೆಸರು ತೆರೆಯ ಮೇಲೆ ಬರುವ ಮೊದಲೇ ಡ್ರ್ಯಾಗನ್ ಸತ್ತುಬಿದ್ದಿತ್ತು. ತಡವಾಗಿ ಸೀಟು ಹುಡುಕಿದವರಿಗೆ ಅದೂ ಕಾಣಲಿಲ್ಲ.

ಹಾಗಾದರೆ ಜನ ಬೈದು ಬಿಟ್ಟುಬಿಟ್ಟರೇ? ಮೂರೂ ಸೇರಿ ಸುಮಾರು 290 ಕೋಟಿ ಡಾಲರ್ ಗಳಿಸಿದವು. ಸಾಲದ್ದಕ್ಕೆ ಆಮೇಲೆ 'ಎಕ್ಸ್‌ಟೆಂಡೆಡ್ ಎಡಿಷನ್' ಬಂತು: 182, 186, 164, ಒಟ್ಟು 532 ನಿಮಿಷ. ಎಳೆದರು, ಹಿಂಜಿದರು, ಹಿಟ್ಟಿಗಿಂತ ನೀರೇ ಜಾಸ್ತಿ ಎಂದು ವರ್ಷವಿಡೀ ಬೈದವನೇ, ಇನ್ನೂ 58 ನಿಮಿಷ ನೀರು ಬೆರೆಸಿದ ಡಬ್ಬಿಯನ್ನು ಮುಂಗಡ ಬುಕ್ ಮಾಡಿದ. ಕೇಳಿದರೆ, 'ಸಂಪೂರ್ಣ ಆವೃತ್ತಿ ನೋಡದೆ ಬೈಯುವುದು ನ್ಯಾಯವಲ್ಲ' ಎನ್ನುತ್ತಾನೆ.

ಮೂರು ಎಂಬ ಸಂಖ್ಯೆಗೆ ಇಷ್ಟು ಮಹಿಮೆ ಬಂದದ್ದು ಎಲ್ಲಿಂದ? 'ರಿಂಗ್ಸ್' ಅನ್ನು ಟೋಲ್ಕಿನ್ ಬರೆದದ್ದು ಒಂದೇ ಕಾದಂಬರಿಯಾಗಿ, ಒಳಗೆ ಆರು ಕಾಂಡ. 1954–55ರಲ್ಲಿ ಅದು ಮೂರು ಸಂಪುಟವಾಗಿ ಬಂದದ್ದು ಕಾವ್ಯಮೀಮಾಂಸೆಯ ಕಾರಣಕ್ಕಲ್ಲ. ಯುದ್ಧ ಮುಗಿದ ಇಂಗ್ಲೆಂಡಿನಲ್ಲಿ ಕಾಗದ ದುಬಾರಿ, ದಪ್ಪ ಪುಸ್ತಕ ಮಾರಾಟವಾಗದಿದ್ದರೆ ಪ್ರಕಾಶಕರಿಗೆ ಹೊಡೆತ. ಲೇಖಕರಿಗೆ 'ತ್ರಿವಳಿ' ಎಂಬ ಹಣೆಪಟ್ಟಿ ಒಪ್ಪಿಗೆಯೇ ಇರಲಿಲ್ಲ. ಕಾಗದದ ದರಪಟ್ಟಿಯಿಂದ ಹುಟ್ಟಿದ ಈ ಸಂಖ್ಯೆಯನ್ನು ಅಭಿಮಾನಿಗಳು ಬ್ರಹ್ಮ ವಿಷ್ಣು ಮಹೇಶ್ವರರ ಪಕ್ಕಕ್ಕೆ ಕೂರಿಸಿದ್ದಾರೆ. ಎರಡೇ ಸಿನಿಮಾ ಬಂದಿದ್ದರೆ 'ಮೂರನೆಯದು ಯಾವಾಗ?' ನಾಲ್ಕು ಬಂದರೆ 'ಮೂರಕ್ಕೇ ನಿಲ್ಲಿಸಬೇಕಿತ್ತು'.

ಇವರ ವಾದವನ್ನು ಹತ್ತಿರದಿಂದ ಕೇಳಬೇಕು. ಪುಸ್ತಕ ಓದಿದವನು ಮೊದಲ ಪಟ್ಟು ಹಾಕುತ್ತಾನೆ: 'ರಿಂಗ್ಸ್' ಪುಸ್ತಕದಲ್ಲಿದ್ದು ಸಿನಿಮಾಕ್ಕೆ ಬಾರದ ಟಾಮ್ ಬೊಂಬಾಡಿಲ್ ಎಲ್ಲಿ? ಗ್ಲೋರ್‌ಫಿಂಡೆಲ್ ಎಂಬ ವೀರ ಬರಬೇಕಾದ ಕಡೆ ನಾಯಕಿ ಆರ್ವೆನ್ ಕುದುರೆ ಹತ್ತಿ ಬಂದದ್ದು ಯಾರ ಅಪ್ಪಣೆ ಮೇರೆಗೆ? ಕೊನೆಯಲ್ಲಿ, ಊರು ಬಿಟ್ಟು ಹೋಗಿದ್ದ ನಾಲ್ವರು ಗೆಳೆಯರೂ ಊರಿಗೆ ಮರಳಿ ಅಲ್ಲಿನ ಪುಂಡರನ್ನು ಓಡಿಸುವ ಅಧ್ಯಾಯವನ್ನು ನುಂಗಿದವರು ಯಾರು? ಸಿನಿಮಾ ಮಾತ್ರ ನೋಡಿದವನು ಒಂದೇ ಪ್ರಶ್ನೆಯಿಂದ ತಿರುಗಿ ಹೊಡೆಯುತ್ತಾನೆ: ಮೂರು ಭಾಗ ನಡೆದು ಹೋಗಿ ಬೆಂಕಿಬೆಟ್ಟಕ್ಕೆ ಹಾಕಿದ ಆ ಉಂಗುರವನ್ನು ಹದ್ದುಗಳ ಬೆನ್ನ ಮೇಲೆ ಕೂತು ಹೋಗಿ ಬಿಸಾಡಿದ್ದರೆ ಕತೆ ಮೊದಲನೇ ಭಾಗದಲ್ಲೇ ಮುಗಿಯುತ್ತಿತ್ತಲ್ಲ? ಇಲ್ಲಿಗೆ ಒಂದೂವರೆ ಗಂಟೆ ಹೋಗುತ್ತದೆ. ಆಮೇಲೆ ಬಾಲ್ರಾಗ್ ಎಂಬ ಬೆಂಕಿಯ ಭೂತಕ್ಕೆ ರೆಕ್ಕೆ ಇತ್ತೇ ಇಲ್ಲವೇ ಎಂಬ ವಿಚಾರ. ಪುಸ್ತಕದಲ್ಲಿ ಅದರ ಸುತ್ತಲ ನೆರಳು ಎರಡು ದೊಡ್ಡ ರೆಕ್ಕೆಗಳ ಹಾಗೆ ಚಾಚಿತು ಎಂದು ಮೊದಲು ಬರುತ್ತದೆ. ತುಸು ಮುಂದೆ ರೆಕ್ಕೆಗಳೇ ಗೋಡೆಯಿಂದ ಗೋಡೆಗೆ ಹರಡಿದವು ಎಂದು ಬರುತ್ತದೆ. ಹಾಗಾದರೆ ಅದು ಉಪಮಾಲಂಕಾರವೋ ರೂಪಕಾಲಂಕಾರವೋ? ಹತ್ತನೇ ಕ್ಲಾಸಿನಲ್ಲಿ ಎರಡು ಅಂಕದ ಈ ಪ್ರಶ್ನೆಯನ್ನು ಚಾಯ್ಸ್‌ನಲ್ಲಿ ಬಿಟ್ಟು ಬಂದವರು ಈಗ ಉಪಮೇಯ, ಉಪಮಾನ, ವಾಚಕ ಪದ ಎಂದು ರಾತ್ರಿ ಎರಡರವರೆಗೆ ಕಚ್ಚಾಡುತ್ತಾರೆ. ಕನ್ನಡ ಪಂಡಿತರು ನೋಡಿದರೆ ಆನಂದಬಾಷ್ಪ ಸುರಿಸಿಯಾರು.

ಪುಟ ಜಾಸ್ತಿ ಇದ್ದರೆ ಭಾಗ ಜಾಸ್ತಿ ಮಾಡುತ್ತಾರೆ ಎಂದು ನಂಬಿದ ಮುಗ್ಧರಿಗೆ ಹ್ಯಾರಿ ಪಾಟರ್ ಕಡೆ ಬೆರಳು ತೋರಿಸಬೇಕು. ಆ ಏಳು ಪುಸ್ತಕಗಳಲ್ಲಿ ಎಲ್ಲಕ್ಕಿಂತ ದಪ್ಪ ಐದನೆಯದು, ಬ್ರಿಟಿಷ್ ಮುದ್ರಣದಲ್ಲಿ 766 ಪುಟ. ಅದಕ್ಕೆ ಸಿಕ್ಕಿದ್ದು 138 ನಿಮಿಷದ ಒಂದೇ ಸಿನಿಮಾ. 607 ಪುಟದ ಏಳನೆಯದಕ್ಕೆ ಎರಡು ಸಿನಿಮಾ, 276 ನಿಮಿಷ. ಕಾರಣ ಸರಳ. ಐದರ ಮುಂದೆ ಆರಿತ್ತು, ಏಳರ ಮುಂದೆ ಮಾರಲು ಏನೂ ಇರಲಿಲ್ಲ. 2010ರ ನವೆಂಬರಿನಲ್ಲೊಂದು, 2011ರ ಜುಲೈನಲ್ಲೊಂದು ಎಂದು ಪಾಲಾದದ್ದೇ ತಡ, ಹಿಂದೆಯೇ 'ಟ್ವೈಲೈಟ್' ತನ್ನ ಕೊನೆಯ ಪುಸ್ತಕವನ್ನು ಸೀಳಿತು, 'ಹಂಗರ್ ಗೇಮ್ಸ್' ಸೀಳಿತು. 'ಡೈವರ್ಜೆಂಟ್' ಕೂಡ ತನ್ನ ಮೂರನೇ ಪುಸ್ತಕವನ್ನು ಸೀಳಿ ಮೊದಲ ಅರ್ಧವನ್ನು 2016ರಲ್ಲಿ ಬಿಟ್ಟಿತು. ಅದು ಮಕಾಡೆ ಮಲಗಿತು. ಇನ್ನರ್ಧವನ್ನು ಟೀವಿಗೆ ಮಾಡುತ್ತೇವೆ ಎಂದರು, ಆಮೇಲೆ ಅದನ್ನೂ ಕೈಬಿಟ್ಟರು. ಮೂರು ಸಿನಿಮಾಗಳಿಗೆ ದುಡ್ಡು ಕೊಟ್ಟವನು ಕೊನೆಗೇನಾಯಿತು ಎಂದು ತಿಳಿಯಬೇಕಾದರೆ ಪುಸ್ತಕದಂಗಡಿಗೇ ಹೋಗಬೇಕಾಯಿತು. ವಾಚನಾಭಿರುಚಿ ಬೆಳೆಸುವ ಇಂಥ ಯೋಜನೆ ಗ್ರಂಥಾಲಯ ಇಲಾಖೆಗೂ ಹೊಳೆದಿರಲಿಲ್ಲ. 2007ರ 'ಗೋಲ್ಡನ್ ಕಂಪಾಸ್' ಇನ್ನೂ ಮುಂದೆ ಹೋಗಿತ್ತು. ಪುಸ್ತಕದ ಕೊನೆಯ ಅಧ್ಯಾಯಗಳನ್ನು ಚಿತ್ರೀಕರಿಸಿ, ಎರಡನೇ ಭಾಗಕ್ಕಿರಲಿ ಎಂದು ಕತ್ತರಿಸಿ ಎತ್ತಿಟ್ಟರು. ಎರಡನೇ ಭಾಗ ಬರಲೇ ಇಲ್ಲ.

ಹಣೆಪಟ್ಟಿ ಅಂಟಿಸುವುದೂ ಒಂದು ಕಲೆ. 2021ರ 'ಡ್ಯೂನ್' ಪೋಸ್ಟರುಗಳಲ್ಲಿ ಬರೀ 'ಡ್ಯೂನ್'. ಟಿಕೆಟ್ ಹರಿಸಿಕೊಂಡು, ದೀಪ ಆರಿ, ಬಾಗಿಲು ಮುಚ್ಚಿದ ಮೇಲೆ ತೆರೆಯ ಮೇಲೆ ಮೂಡುತ್ತದೆ: 'ಭಾಗ ಒಂದು'. ಎರಡನೇ ಭಾಗಕ್ಕೆ ಹಸಿರು ನಿಶಾನೆ ಸಿಕ್ಕಿದ್ದೇ ಮೊದಲನೆಯದು ಬಿಡುಗಡೆಯಾದ ಮೇಲೆ. 'ವಿಕೆಡ್' ಇನ್ನೊಂದು ಬಗೆ. ರಂಗದ ಮೇಲೆ ಮಧ್ಯಂತರವೂ ಸೇರಿ ಎರಡೂಮುಕ್ಕಾಲು ಗಂಟೆಯಲ್ಲಿ ಮುಗಿಯುವ ಗೀತನಾಟಕ. 2024ರ ಸಿನಿಮಾ 160 ನಿಮಿಷ ಓಡಿ ಮಧ್ಯಂತರದವರೆಗೆ ತಲುಪಿತು. ಮಿಕ್ಕಿದ್ದು ಮುಂದಿನ ವರ್ಷ.

ಇಷ್ಟು ಹೊತ್ತು ಹಾಲಿವುಡ್ಡನ್ನು ನೋಡಿ ನಗುತ್ತಿದ್ದವರು ಈಗ ಸ್ವಲ್ಪ ಸರಿದು ಕೂರಬೇಕು. ಮಧ್ಯಂತರ ಎಂಬುದು ನಮ್ಮ ಪಿತ್ರಾರ್ಜಿತ ಆಸ್ತಿ. ಹಿಂದೆ ಅದು ಹದಿನೈದು ನಿಮಿಷ, ಒಂದು ಸಮೋಸ, ಒಂದು ಸೋಡಾ. 'ಬಾಹುಬಲಿ' ಅದನ್ನು 21 ತಿಂಗಳಿಗೆ ಏರಿಸಿತು. 2015ರ ಜುಲೈ 10ರಿಂದ 2017ರ ಏಪ್ರಿಲ್ 28ರವರೆಗೆ ದೇಶದ ಮುಂದಿದ್ದದ್ದು ಕಟ್ಟಪ್ಪ ಯಾಕೆ ಕೊಂದ ಎಂಬ ಒಂದೇ ಪ್ರಶ್ನೆ. ಕರ್ನಾಟಕಕ್ಕೆ ಮಾತ್ರ ಕಟ್ಟಪ್ಪನ ಹತ್ತಿರ ಕೇಳಲು ಬೇರೆ ಪ್ರಶ್ನೆಯಿತ್ತು. ಕಾವೇರಿ ಗಲಾಟೆಯ ಕಾಲದಲ್ಲಿ ಆಡಿದ ಹಳೇ ಮಾತಿಗೆ ಕಟ್ಟಪ್ಪನ ಪಾತ್ರ ಮಾಡಿದ ತಮಿಳು ನಟ ಸತ್ಯರಾಜ್ ವಿಷಾದ ವ್ಯಕ್ತಪಡಿಸಿದ ಮೇಲೆಯೇ ಇಲ್ಲಿ ತೆರೆ ಎದ್ದದ್ದು. ನದಿ ನೀರಿನ ವಿವಾದದಲ್ಲಿ ಇಷ್ಟು ಬೇಗ ಇತ್ಯರ್ಥವಾದ ಪ್ರಕರಣ ಇನ್ನೊಂದಿಲ್ಲ.

'ಕೆಜಿಎಫ್' ನಮ್ಮವರ ಅಸಲಿ ಆವಿಷ್ಕಾರ. ಇಡೀ ಕತೆ 'ಎಲ್ ಡೊರಾಡೊ' ಎಂಬ ನಿಷೇಧಿತ ಪುಸ್ತಕದಿಂದ ಬಿಚ್ಚಿಕೊಳ್ಳುತ್ತದೆ, ಆ ಪುಸ್ತಕವೋ ಜಗತ್ತಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇಲ್ಲದ ಪುಸ್ತಕದ ಅಳವಡಿಕೆ! 'ಪುಸ್ತಕವೇ ಚೆನ್ನಾಗಿತ್ತು' ಎಂಬ ಬಾಯಿಗಳನ್ನು ಇಷ್ಟು ಅಚ್ಚುಕಟ್ಟಾಗಿ ಮುಚ್ಚಿಸಿದ ನಿರ್ದೇಶಕ ಹಾಲಿವುಡ್ಡಿನಲ್ಲಿ ಹುಟ್ಟಿಲ್ಲ. ಮೊದಲ ಅಧ್ಯಾಯ 2018ರಲ್ಲಿ, ಎರಡನೆಯದು 2022ರಲ್ಲಿ. ನಡುವೆ ಕತೆ ಹೇಳುವವರು ಅನಂತನಾಗ್ ಹೋಗಿ ಪ್ರಕಾಶ್ ರಾಜ್ ಆದರು. ನಾಯಕ ಸಮುದ್ರದ ಪಾಲಾದ ಮೇಲೂ ಮೂರನೆಯದರ ಕರಡು ಪ್ರತಿಯೊಂದು ಪತ್ತೆಯಾಗಿದೆ. 'ಕಾಂತಾರ' 2022ರಲ್ಲಿ ಬಂತು, 2025ರಲ್ಲಿ ಬಂದ ಎರಡನೇ ಸಿನಿಮಾದ ಹೆಸರು 'ಅಧ್ಯಾಯ 1'. ಮೊದಲು ಬಂದದ್ದು ಎಷ್ಟನೇ ಅಧ್ಯಾಯ ಎಂದು ಮಕ್ಕಳು ಕೇಳಿದರೆ 1977ರ 'ಸ್ಟಾರ್ ವಾರ್ಸ್' ತೋರಿಸಿ ಸಮಾಧಾನ ಮಾಡಬಹುದು. ಬಂದು ನಾಲ್ಕು ವರ್ಷವಾದ ಮೇಲೆ ಅದಕ್ಕೆ 'ಎಪಿಸೋಡ್ 4' ಎಂದು ನಾಮಕರಣವಾಯಿತು, ಎಪಿಸೋಡ್ 1 ಬಂದದ್ದು 1999ರಲ್ಲಿ. 'ಮುಂಗಾರು ಮಳೆ 2', 'ಗಾಳಿಪಟ 2' ಇವೆಲ್ಲಕ್ಕಿಂತ ಪ್ರಾಮಾಣಿಕ. ಹಿಂದಿನ ಕತೆಗೂ ತಮಗೂ ಸಂಬಂಧವಿಲ್ಲ, ಬೋರ್ಡು ಮಾತ್ರ ಹಳೇದು. 'ಸಪ್ತ ಸಾಗರದಾಚೆ ಎಲ್ಲೋ' ಅಂತೂ ಎರಡನೇ ಪಾಲನ್ನು 77 ದಿನಕ್ಕೇ ತಂದು ಈ ದಂಧೆಯ ಮರ್ಯಾದೆ ಕಳೆಯಿತು. ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ, 'ಅವತಾರ್' ಎರಡನೇ ಭಾಗಕ್ಕೆ ಹದಿಮೂರು ಹಿಡಿಯಿತು. ಹಾಗಿರಬೇಕು ಶಿಸ್ತು.

ಹಾವಿನ ಮಾತು ಬಂತಲ್ಲ, ನಮ್ಮ ಚರಿತ್ರೆಯ ಅತಿ ದೊಡ್ಡ ನಷ್ಟದ ವ್ಯವಹಾರವನ್ನು ದಾಖಲಿಸಲೇಬೇಕು. ತರಾಸು ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ', ಈ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಸಿನಿಮಾ ಮಾಡಿಬಿಟ್ಟರು. ಮೂರು ಪುಸ್ತಕ, ಒಂದು ಟಿಕೆಟ್! ಮೇಲಾಗಿ ತರಾಸು ಅದನ್ನು ಕೆರೆಹಾವು ಎಂದದ್ದು ಊರಿಗೆಲ್ಲ ಗೊತ್ತು. ಮೂಲಕೃತಿಗೆ ಅನ್ಯಾಯವಾಯಿತು ಎಂಬ ತಕರಾರಿಗೆ ಅಭಿಮಾನಿಗಳೇ ಬೇಕಿರಲಿಲ್ಲ.

ಇವತ್ತಿನ ನಿರ್ಮಾಪಕರ ಕೈಗೆ ಸಿಕ್ಕಿದ್ದರೆ ಆ ಆಸ್ತಿ ಹೀಗೆ ಪಾಲಾಗುತ್ತಿತ್ತು. ಅಧ್ಯಾಯ 1ರಲ್ಲಿ ರಾಮಾಚಾರಿ ಕಾಲೇಜಿನಿಂದ ಹೊರಬೀಳುತ್ತಾನೆ, ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟುವಾಗ ಹಗ್ಗದ ಗಂಟಿನ ಮೇಲೆ ಪರದೆ ಕತ್ತಲು. ಬಿಚ್ಚಿದವರು ಯಾರು? ಎರಡು ವರ್ಷ ಕಾಯಿರಿ. ಅಧ್ಯಾಯ 2 ಪೂರ್ತಿ ಅಲಮೇಲು, ಅಧ್ಯಾಯ 3 ಮಾರ್ಗರೆಟ್. ಓಬವ್ವನ ಪ್ರಸಂಗವನ್ನು ಪುಟ್ಟಣ್ಣ ಒಂದು ಹಾಡಿನಲ್ಲಿ ಮುಗಿಸಿದ್ದು ಅಕ್ಷಮ್ಯ. ಅದು ಪ್ರತ್ಯೇಕ ಪ್ರೀಕ್ವೆಲ್, ಕಿಂಡಿಯಿಂದ ನುಸುಳಿ ಬರುವ ಪ್ರತಿ ಸೈನಿಕನಿಗೂ ಹಿನ್ನೆಲೆ ಕತೆ, ಒನಕೆಗೆ ಐಮ್ಯಾಕ್ಸ್. ಅಂಬರೀಶ್ ಮಾಡಿದ ಜಲೀಲನಿಗೆ ಸೈಕಲ್ ಸಮೇತ ಓಟಿಟಿಯಲ್ಲಿ ಎಂಟು ಕಂತು. ಚಾಮಯ್ಯ ಮೇಷ್ಟ್ರ ಯೌವನಕ್ಕೆ ಬೇರೆ ನಟ. ಕೊನೆಗೆ ರಾಮಾಚಾರಿ ಮಾರ್ಗರೆಟ್ ಬೆಟ್ಟದಿಂದ ಹಾರಿದ ಮೇಲೆ ಹೆಸರುಗಳೆಲ್ಲ ಓಡಿ ಮುಗಿಯುತ್ತವೆ. ಕಸ ಗುಡಿಸುವವರು ಒಳಗೆ ಬಂದಾಗಲೂ ಹತ್ತು ಜನ ಎದ್ದಿರುವುದಿಲ್ಲ. ಆಗ ಕಣಿವೆಯ ಆಳದಲ್ಲಿ ಒಂದು ಕೈ ಅಲುಗಾಡುತ್ತದೆ, ಆ ಹತ್ತು ಜನರೂ ಒಟ್ಟಿಗೇ ಮೊಬೈಲ್ ಎತ್ತುತ್ತಾರೆ.