ಅರ್ಧ ಇಂಚು

ಭಾನುವಾರ ಬೆಳಗ್ಗೆ ಬಚ್ಚಲುಮನೆಯ ನಲ್ಲಿ ಕೈಗೇ ಬಂತು. ಪೂರ್ತಿ ಬಂದಿದ್ದರೆ ಬೇಜಾರಿರಲಿಲ್ಲ. ಅದರ ಹಿಂದಿನ ಜಿಐ ನಿಪ್ಪಲ್ಲು, ಅಂದರೆ ಎರಡೂ ತುದಿಗೆ ಥ್ರೆಡ್ಡಿರುವ ಸತು ಲೇಪದ ಗಿಡ್ಡ ಕಬ್ಬಿಣದ ಪೈಪು, ತುಕ್ಕು ಹಿಡಿದು ಮುರಿದು, ಥ್ರೆಡ್ಡಿರುವ ಒಂದು ಉಂಗುರ ಮಾತ್ರ ಗೋಡೆಯೊಳಗೆ ಪೈಪು ತಿರುಗುವ ಎಲ್ಬೋದಲ್ಲಿ ಜಪ್ಪಯ್ಯ ಅಂದರೂ ಅಲ್ಲಾಡದೆ ಕೂತುಬಿಟ್ಟಿತು. ಇಪ್ಪತ್ತು ವರ್ಷ ಬೋರ್‌ವೆಲ್ ನೀರು ಕುಡಿದ ಕಬ್ಬಿಣ, ಪಾಪ.

ಪ್ಲಂಬರ್ ಫೋನಿನಲ್ಲಿ, 'ಅರ್ಧ ಗಂಟೇಲಿ ಬರ್ತೀನಿ ಸಾರ್, ಹಾಫ್ ಇಂಚ್ ನಿಪ್ಪಲ್ ತಂದಿಟ್ಟಿರಿ' ಅಂದ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ನೆ ದುಡ್ಡು ಕೊಟ್ಟು ಬರಬಹುದಿತ್ತು. ಕೌಂಟರ್ ಮೇಲೆ ಸ್ಕೇಲ್ ಬಿದ್ದಿತ್ತು, ಅಳೆದೆ. ಹೊರಗಡೆ 21 ಮಿಲಿಮೀಟರ್ ಹತ್ತಿರ, ಒಳಗಡೆ ಸುಮಾರು 16. ಅರ್ಧ ಇಂಚು ಅಂದರೆ 12.7 ಅಲ್ವಾ? ಒಳಗೂ ಇಲ್ಲ, ಹೊರಗೂ ಇಲ್ಲ, ಮತ್ತೆಲ್ಲಿದೆ ಈ ಅರ್ಧ ಇಂಚು ಅಂತ ಕೇಳಿದೆ. ಹಿಂದೆ ನಿಂತವರು ಗೊಣಗಿದರು. ಅಂಗಡಿಯವನು ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ, 'ಅದು ಹೆಸರು ಸಾರ್, ಅಳತೆ ಅಲ್ಲ' ಅಂದ.

ಮನೆಗೆ ಬಂದು ಅದನ್ನೇ ಹುಡುಕಿ ಓದಿದೆ, ಹೇಗೂ ಸ್ನಾನ ಇರಲಿಲ್ಲ. ಹಿಂದೆ ಪೈಪು ದಪ್ಪ ಇದ್ದಾಗ ಒಳಗಿನ ತೂತು ಹೆಚ್ಚುಕಮ್ಮಿ ಅರ್ಧ ಇಂಚೇ ಇತ್ತಂತೆ. ಆಮೇಲೆ ಒಳ್ಳೆ ಕಬ್ಬಿಣ ಬಂತು, ಪೈಪು ತೆಳ್ಳಗಾಯ್ತು, ಹಳೆ ಥ್ರೆಡ್ಡಿಗೆ ಕೂರಬೇಕಲ್ಲ ಅಂತ ಹೊರಮೈ ಮುಟ್ಟಲಿಲ್ಲ, ತೂತು ದೊಡ್ಡದಾಯ್ತು. ಹೆಸರು ಬದಲಾಯಿಸುವ ತೊಂದರೆ ಯಾರೂ ತಗೊಳ್ಳಲಿಲ್ಲ. ನನಗಂತೂ ಇದು ಮೋಸ ಅನ್ನಿಸುತ್ತದೆ. ತರಕಾರಿಯವನು ಹೀಗೆ ಮಾಡಿದ್ದರೆ ಬಿಡುತ್ತಿದ್ದೆವಾ? 'ಇದು ಹೆಸರಿಗೆ ಕಾಲು ಕೆಜಿ' ಅಂದಿದ್ದರೆ?

ಪ್ಲಂಬರ್ ಬಂದಾಗ ಮೂರೂವರೆ. ಕೈಯಲ್ಲಿ ಒಂದೇ ಒಂದು ಪೈಪ್ ರೆಂಚು. ಮಿಕ್ಕಿದ್ದೆಲ್ಲ ನಮ್ಮದೇ ಆಗಬೇಕು: ಸುತ್ತಿಗೆ, ಉಳಿ, ಹಳೆ ಬಟ್ಟೆ, ಹ್ಯಾಕ್ಸಾ ಬ್ಲೇಡು. ಟೈಲ್ಸ್ ನೋಡಿ, 'ಇಡೀ ಬಾತ್‌ರೂಮೇ ಒಡೆಸಿ ಹೊಸ ಲೈನ್ ಹಾಕ್ಸಿಬಿಡಿ ಸಾರ್' ಅಂದ. ನನ್ನ ಮುಖ ನೋಡಿ ಆ ಮಾತು ಅಲ್ಲಿಗೇ ಬಿಟ್ಟ.

ಕೆಲಸ ಮಾತ್ರ ಚೆನ್ನಾಗಿ ಬಲ್ಲವನು, ಒಪ್ಪಬೇಕು. ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಇನ್ನೊಂದನ್ನು ಉಂಗುರದೊಳಗೆ ತೂರಿಸಿ, ಉಸಿರು ಬಿಗಿಹಿಡಿದು ಉದ್ದಕ್ಕೆ ಒಂದು ಗೀರು ಕೊಯ್ದ. ಪಕ್ಕದಲ್ಲೇ ಇನ್ನೊಂದು. ಒಂದು ಎಳೆ ಜಾಸ್ತಿ ಹೋದರೆ ಎಲ್ಬೋದ ಥ್ರೆಡ್ಡೂ ಹೋಯ್ತು, ಆಮೇಲೆ ಗೋಡೆ ಒಡೆಯುವುದೇ. ಕೆಂಪು ಪುಡಿ ಮುಂಗೈ ಮೇಲೆ ಉದುರುತ್ತಿತ್ತು. ಉಳಿ ಇಟ್ಟು ಮೆಲ್ಲಗೆ ತಟ್ಟಿದ. ನಡುವಿನ ಚೂರು ಒಳಕ್ಕೆ ಮಡಚಿಕೊಂಡಿತು. ಅಷ್ಟು ಹೊತ್ತು ಜಗ್ಗದ ಉಂಗುರ ಎರಡು ಬೆರಳಿಗೇ ತಿರುಗಿ ಈಚೆ ಬಂತು.

ಅಂಗೈ ಮೇಲಿಟ್ಟುಕೊಂಡು ನೋಡಿದೆ. ಇದರಲ್ಲೇನೋ ದೊಡ್ಡ ಮಾತಿದೆ ಅನ್ನಿಸಿತು, ಹೊಳೆಯುತ್ತಲೂ ಇತ್ತು. ಅಷ್ಟರಲ್ಲಿ ಮೇಲಿನ ಮನೆಯವರು ಮೆಟ್ಟಿಲಿಂದಲೇ, 'ನೀರು ಯಾವಾಗ ಬಿಡ್ತೀರಾ?' ಅಂತ ಕೂಗಿದರು.

'ಅರ್ಧ ಗಂಟೆ' ಅಂದೆ.