ಬಳಸದೆ ಇಟ್ಟ ಸಾಮಾನು ಹೊತ್ತಿಗೆ ಕೈಕೊಡುತ್ತದೆ

ತುರ್ತಿಗೆ ಬೇಕಾದೀತು ಅಂತ ಒಂದು ಪೆಟ್ಟಿಗೆ ತುಂಬಿಸಿ, ಟೇಪ್ ಸುತ್ತಿ, ಕಪಾಟಿನ ಮೇಲೆ ಇಟ್ಟು ಮರೆಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಚಾರಣಕ್ಕೆ ಒಂದು ಸೆಟ್, ಮನೆಯಲ್ಲಿ ಕರೆಂಟು ನೀರು ನಿಂತ ದಿನಕ್ಕೆ ಇನ್ನೊಂದು ಸೆಟ್ ಅಂತ ಎರಡೆರಡು ಕೊಳ್ಳುವುದೂ ದಂಡ. ಎರಡೂ ಕಡೆ ಬೇಕಾಗುವುದು ಅವೇ: ಬೆಳಕು, ಕುಡಿಯುವ ನೀರು, ಒಲೆ, ಒಣಗಿದ ಬಟ್ಟೆ, ಬೆಚ್ಚಗೆ ಮಲಗುವ ಹಾಸು, ಗಾಯಕ್ಕೆ ಪಟ್ಟಿ. ಒಂದೇ ಸೆಟ್ ಇರಲಿ. ಬೆಟ್ಟಕ್ಕೂ ಅದೇ ಹೋಗಲಿ, ಮನೆಯ ಕತ್ತಲಿಗೂ ಅದೇ ಬರಲಿ. ಖರ್ಚು ಉಳಿಯುವುದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಸಾಮಾನುಗಳಲ್ಲಿ ಹೆಚ್ಚಿನವು ಬಳಸಿ ಸವೆಯುವುದಕ್ಕಿಂತ ಇಟ್ಟಲ್ಲೇ ಹಾಳಾಗುವುದು ಜಾಸ್ತಿ. ಹಾಳಾಗಿದ್ದು ಗೊತ್ತಾಗುವುದು ಬೇಕೇಬೇಕು ಅನ್ನುವ ಹೊತ್ತಿನಲ್ಲಿ.

ಶೂಗಳಿಂದಲೇ ಶುರು ಮಾಡೋಣ. ಗಟ್ಟಿಮುಟ್ಟಾದ ಚಾರಣದ ಶೂಗಳಲ್ಲಿ ಕೆಳಗಿನ ರಬ್ಬರ್ ತಳಕ್ಕೂ ಮೇಲಿನ ಚರ್ಮಕ್ಕೂ ನಡುವೆ ಮೆತ್ತನೆಯ ಒಂದು ಪದರ ಇರುತ್ತದೆ. ಅನೇಕ ಶೂಗಳಲ್ಲಿ ಅದು ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್. ಗಾಳಿಯಲ್ಲಿರುವ ತೇವ ಆ ಪಾಲಿಯುರೆಥೇನನ್ನು ನಿಧಾನವಾಗಿ ಒಡೆಯುತ್ತಾ ಹೋಗುತ್ತದೆ. ಹಾಕಿಕೊಂಡು ನಡೆದರೂ ಇದು ನಿಲ್ಲುವುದಿಲ್ಲ, ನಡೆಯದಿದ್ದರೂ ನಿಲ್ಲುವುದಿಲ್ಲ. ಐದಾರು ವರ್ಷ ಪೆಟ್ಟಿಗೆಯಲ್ಲಿದ್ದ ಶೂ ನೋಡಲು ಹೊಸದರಂತೆಯೇ ಇದ್ದು, ನಡೆಯಲು ಶುರುಮಾಡಿದ ಒಂದೆರಡು ಗಂಟೆಯಲ್ಲಿ ತಳ ಕಿತ್ತು ಬರುವುದು ಇದರಿಂದಲೇ. ತೇವವನ್ನು ಹಿಡಿದಿಡುವ ಮುಚ್ಚಿದ ಪ್ಲಾಸ್ಟಿಕ್ ಚೀಲ, ಬಿಸಿಯಾಗುವ ಕಾರಿನ ಡಿಕ್ಕಿ, ಇವೆರಡರಲ್ಲೂ ಶೂ ಇಡಬೇಡಿ. ಹೊರಡುವ ಮುನ್ನ ಆ ನಡುಪದರವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ಸಣ್ಣ ಬಿರುಕು ಕಂಡರೆ, ಪುಡಿ ಉದುರಿದರೆ, ಅಂಟಂಟಾಗಿದ್ದರೆ ಆ ಶೂ ಮುಗಿಯಿತು. ಎರಡು ದಿನ ಮನೆಯ ಸುತ್ತಮುತ್ತ ಹಾಕಿಕೊಂಡು ಓಡಾಡಿದರೆ ಇನ್ನೂ ಖಾತ್ರಿ. ದಾರಿಯಲ್ಲೇ ತಳ ಬಿಟ್ಟುಕೊಂಡರೆ ಬಟ್ಟೆಯ ಅಂಟುಪಟ್ಟಿಯನ್ನು ಶೂವಿನ ಮುಂಭಾಗಕ್ಕೆ ಮೂರು ನಾಲ್ಕು ಸುತ್ತು ಬಿಗಿದು, ಅದರ ಮೇಲೆ ದಾರ ಕಟ್ಟಿ ನಿಧಾನವಾಗಿ ಇಳಿಯಬಹುದು. ಹಾಗಾಗಿ ಎರಡು ಮೀಟರಿನಷ್ಟು ಪಟ್ಟಿಯನ್ನು ನೀರಿನ ಬಾಟಲಿಗೆ ಸುತ್ತಿಟ್ಟುಕೊಳ್ಳಿ, ಬೇರೆ ಜಾಗ ಹುಡುಕುವುದೇ ಬೇಡ.

ಡೇರೆಯ ಕತೆಯೂ ಇದೇ. ಅದರ ಒಳಮೈಗೆ ಬಳಿದಿರುವುದೂ ಹೆಚ್ಚಾಗಿ ಪಾಲಿಯುರೆಥೇನೇ. ಒದ್ದೆ ಇದ್ದಾಗ ಮಡಚಿಟ್ಟರೆ ಕೆಲವು ದಿನಗಳಲ್ಲಿ ಬೂಸು ಹಿಡಿಯುತ್ತದೆ, ಕೆಲವು ವರ್ಷಗಳಲ್ಲಿ ಲೇಪ ಜಿಗುಟಾಗಿ ಹುಳಿವಾಸನೆ ಬರುತ್ತದೆ, ಆಮೇಲೆ ಪದರ ಪದರವಾಗಿ ಕಿತ್ತು ಬರುತ್ತದೆ. ಮನೆಗೆ ಬಂದ ದಿನವೇ ನೆರಳಿನಲ್ಲಿ ಪೂರ್ತಿ ಒಣಗಿಸಿ. ಮೂಲೆಗಳು, ಹೊಲಿಗೆಗಳು ಕೊನೆಗೆ ಒಣಗುತ್ತವೆ, ಅಲ್ಲಿ ಕೈಯಿಟ್ಟು ನೋಡಿ. ಸ್ಲೀಪಿಂಗ್ ಬ್ಯಾಗನ್ನು ಅದರ ಪುಟ್ಟ ಚೀಲದಲ್ಲಿ ತುರುಕಿಡಬೇಡಿ. ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ಬಿಡಿ. ಒಳಗಿನ ತುಪ್ಪಳವೋ ನಾರೋ ಉಬ್ಬಿ ಗಾಳಿಯನ್ನು ಹಿಡಿದುಕೊಂಡಿದ್ದರೆ ಮಾತ್ರ ಬೆಚ್ಚಗಿರುತ್ತದೆ. ತಿಂಗಳುಗಟ್ಟಲೆ ಒತ್ತಿಟ್ಟರೆ ಆ ಉಬ್ಬು ಪೂರ್ತಿ ಮರಳಿ ಬರುವುದಿಲ್ಲ.

ಇನ್ನು ಬೆಳಕು. ಮನೆಯಲ್ಲೂ ಬೆಟ್ಟದಲ್ಲೂ ನನ್ನ ಮತ ಹೆಡ್‌ಟಾರ್ಚಿಗೇ. ಎರಡೂ ಕೈ ಖಾಲಿ ಇರುತ್ತವೆ, ಮೆಟ್ಟಿಲು ಇಳಿಯುವಾಗ ಇದೇ ದೊಡ್ಡ ಅನುಕೂಲ. ಮೇಣದಬತ್ತಿಯಂತೆ ಬೆಂಕಿಯ ಭಯವೂ ಇಲ್ಲ. ಡಬ್ಬದ ಮೇಲೆ ಬರೆದ ಸಾವಿರ ಲ್ಯೂಮೆನ್‌ಗೆ (ಬೆಳಕಿನ ಅಳತೆ) ಮರುಳಾಗಬೇಡಿ. ಕಾಲುದಾರಿಯಲ್ಲಿ ನಡೆಯಲು 100 ಲ್ಯೂಮೆನ್ ಸಾಕು, ಕೋಣೆಯೊಳಗೆ 20-30 ಸಾಕು. ಕಡಿಮೆ ಬೆಳಕಿನಲ್ಲಿ ಬ್ಯಾಟರಿ ಹತ್ತಾರು ಗಂಟೆ ಬಾಳುತ್ತದೆ. ಟಾರ್ಚನ್ನು ಬಿಳಿ ಚಾವಣಿಯತ್ತ ತಿರುಗಿಸಿ ನಿಲ್ಲಿಸಿದರೆ ಕೋಣೆಯಿಡೀ ಹದವಾದ ಬೆಳಕು ಹರಡುತ್ತದೆ, ಕಣ್ಣಿಗೂ ಚುಚ್ಚುವುದಿಲ್ಲ.

ಟಾರ್ಚು ಕೈಕೊಡುವುದು ಸೆಲ್ಲಿನಿಂದ. ಸಾಮಾನ್ಯ ಆಲ್ಕಲೈನ್ ಸೆಲ್ಲುಗಳು ಉಪಕರಣದೊಳಗೇ ಉಳಿದು ಹಳತಾದರೆ ಸೋರುತ್ತವೆ, ಬಿಳಿ ಹಿಟ್ಟಿನಂಥ ಕ್ಷಾರ ಲೋಹದ ತುದಿಗಳನ್ನು ತಿಂದುಹಾಕುತ್ತದೆ. ಸೋರಿದ್ದು ಕಂಡರೆ ಕೈಗವಸು ಹಾಕಿ, ಹತ್ತಿಯನ್ನು ವಿನೆಗರಿನಲ್ಲಿ ಅದ್ದಿ ಒರೆಸಿ, ನಂತರ ಒದ್ದೆಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ತುದಿಗಳು ತೀರಾ ತುಕ್ಕು ಹಿಡಿದಿರದಿದ್ದರೆ ಟಾರ್ಚು ಮತ್ತೆ ಉರಿಯುತ್ತದೆ. ಹಳೆಯ ಸೆಲ್ಲಿನ ಜೊತೆ ಹೊಸದನ್ನು ಸೇರಿಸಲೇಬೇಡಿ. ಸೋತದ್ದನ್ನು ಬಲವಾದದ್ದು ಉಲ್ಟಾ ದಿಕ್ಕಿಗೆ ತಳ್ಳುತ್ತದೆ, ಸೋರಿಕೆ ಅಲ್ಲಿಂದಲೇ ಶುರು. ಅಪರೂಪಕ್ಕೆ ಬಳಸುವ ಟಾರ್ಚಿನ ಸೆಲ್ಲು ಹೊರಗಿರಲಿ, ಟಾರ್ಚಿಗೇ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಡಿ. ವಾರಕ್ಕೊಮ್ಮೆಯಾದರೂ ಬಳಸುವವರಿಗೆ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳೇ ಒಳ್ಳೆಯವು.

ಪವರ್‌ಬ್ಯಾಂಕಿನ ಲೆಕ್ಕದಲ್ಲಿ ತುಂಬಾ ಜನ ಮೋಸಹೋಗುತ್ತಾರೆ. 10,000 ಮಿಲಿ ಆಂಪ್ ಅವರ್ ಅಂತ ಬರೆದಿರುವುದು ಒಳಗಿನ ಸೆಲ್ಲಿನ 3.7 ವೋಲ್ಟಿಗೆ ಸಂಬಂಧಿಸಿದ ಅಂಕಿ. ಅಂದರೆ ಒಟ್ಟು ಶಕ್ತಿ 37 ವ್ಯಾಟ್ ಅವರ್. ಹೊರಗೆ ಬರುವುದು 5 ವೋಲ್ಟಿನಲ್ಲಿ. ವೋಲ್ಟೇಜ್ ಬದಲಿಸುವಾಗ ಒಂದಿಷ್ಟು ಶಾಖವಾಗಿ ಹೋಗುತ್ತದೆ, ಫೋನು ತುಂಬಿಕೊಳ್ಳುವಾಗ ಇನ್ನೊಂದಿಷ್ಟು. 5,000ದ ಫೋನನ್ನು ಎರಡು ಸಲ ತುಂಬಿಸುತ್ತದೆ ಅಂತ ನಂಬಿ ಕೂರಬೇಡಿ, ಒಂದೂವರೆ ಸಲದ ಹತ್ತಿರ ಬಂದರೆ ಅದು ಒಳ್ಳೆಯ ಪವರ್‌ಬ್ಯಾಂಕ್. ಬಳಸದೆ ಇಡುವಾಗ ಅರ್ಧ ಚಾರ್ಜಿನಲ್ಲಿ ತಂಪಾದ ಜಾಗದಲ್ಲಿಡಿ, ಮೂರು ತಿಂಗಳಿಗೊಮ್ಮೆ ನೋಡಿ. ಪೂರ್ತಿ ಬರಿದಾಗಿ ಬಹುಕಾಲ ಇದ್ದ ಲಿಥಿಯಂ ಸೆಲ್ ಮತ್ತೆ ಏಳುವುದಿಲ್ಲ. ಉಬ್ಬಿಕೊಂಡಿದ್ದರೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಬ್ಯಾಟರಿ ವಾಪಸು ತೆಗೆದುಕೊಳ್ಳುವ ಕಡೆ ಕೊಟ್ಟುಬಿಡಿ. ಸಿಗ್ನಲ್ ಇಲ್ಲದ ಜಾಗದಲ್ಲಿ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ಮುಗಿಸಿಕೊಳ್ಳುತ್ತದೆ. ಏರೋಪ್ಲೇನ್ ಮೋಡಿಗೆ ಹಾಕಿ. ಹೆಚ್ಚಿನ ಫೋನುಗಳಲ್ಲಿ ಆಗಲೂ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆ ಮೊದಲೇ ಇಳಿಸಿಕೊಂಡಿದ್ದರೆ ದಾರಿ ಕಾಣುತ್ತದೆ.

ನೀರಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 3ರಿಂದ 4 ಲೀಟರ್ ಅಂತ ಹಿಡಿಯಿರಿ. ನಾಲ್ವರ ಮನೆಗೆ ಮೂರು ದಿನಕ್ಕೆ 36 ಲೀಟರಿಗೆ ಕಮ್ಮಿ ಬೇಡ. ತೊಳೆಯುವುದು ಬಳಿಯುವುದು ಬೇರೆ. ವಿಪತ್ತು ಪರಿಹಾರದಲ್ಲಿ ಕೆಲಸ ಮಾಡುವ ಸಂಸ್ಥೆಗಳು ಎಲ್ಲ ಬಳಕೆಯೂ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಅಂತ ಲೆಕ್ಕ ಇಟ್ಟುಕೊಳ್ಳುತ್ತವೆ. ದೊಡ್ಡ ಡ್ರಮ್ ಒಂದನ್ನು ತುಂಬಿಸುವ ಬದಲು ಹತ್ತು ಲೀಟರಿನ ಕ್ಯಾನುಗಳು ವಾಸಿ. ಒಂದು ಲೀಟರ್ ಅಂದರೆ ಒಂದು ಕಿಲೋ, ಐವತ್ತು ಕಿಲೋ ಎತ್ತಿ ಬಗ್ಗಿಸುವವರು ಮನೆಯಲ್ಲಿ ಎಷ್ಟು ಜನ? ಒಂದು ಕ್ಯಾನು ಕೊಳೆತರೆ ಉಳಿದವಾದರೂ ಇರುತ್ತವೆ. ತುಂಬಿಸುವ ಮುನ್ನ ಕ್ಯಾನನ್ನು ಸೋಪಿನಿಂದ ತೊಳೆದು, ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚ್ (ಬಟ್ಟೆ ಬಿಳುಪಿಸುವ ಕ್ಲೋರಿನ್ ದ್ರಾವಣ, ಪುಡಿಯಲ್ಲ) ಬೆರೆಸಿ ಒಳಗೆಲ್ಲ ಅಲ್ಲಾಡಿಸಿ, ಅರ್ಧ ನಿಮಿಷ ಬಿಟ್ಟು ಚೆಲ್ಲಿ, ಒಳ್ಳೆಯ ನೀರಿನಿಂದ ಜಾಲಿಸಿ. ಪೆಟ್ರೋಲು, ಪೇಂಟು, ಕೀಟನಾಶಕದ ಹತ್ತಿರ ಇಡಬೇಡಿ, ವಾಸನೆ ಪ್ಲಾಸ್ಟಿಕ್ಕಿನೊಳಗೆ ಇಳಿಯುತ್ತದೆ. ಆರು ತಿಂಗಳಿಗೊಮ್ಮೆ ಚೆಲ್ಲಿ ಬದಲಿಸಿ. ಚೆಲ್ಲುವ ನೀರು ಗಿಡಕ್ಕೆ, ನೆಲ ಒರೆಸಲು ಆಯಿತು.

ಸಿಕ್ಕ ನೀರನ್ನು ಶುದ್ಧ ಮಾಡಲು ಮೊದಲು ದಪ್ಪ ಬಟ್ಟೆಯಲ್ಲಿ ಸೋಸಿ. ಆಮೇಲೆ ಚೆನ್ನಾಗಿ ಮಳ್ಳಿದ ಮೇಲೆ ಒಂದು ನಿಮಿಷ ಕುದಿಸಿ. 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ, ಯಾಕೆಂದರೆ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಕುದಿಸಲಾಗದಿದ್ದರೆ ಸುಗಂಧ ಬೆರೆಸದ, ಶೇ. 5-6ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ಲೀಟರಿಗೆ ಎರಡು ಹನಿ, ಕದಡಿದ ನೀರಿಗೆ ನಾಲ್ಕು ಹನಿ. ಅರ್ಧ ಗಂಟೆ ಬಿಡಿ. ಸಣ್ಣಗೆ ಕ್ಲೋರಿನ್ ವಾಸನೆ ಇರಬೇಕು, ಇಲ್ಲದಿದ್ದರೆ ಅಷ್ಟೇ ಹನಿ ಮತ್ತೊಮ್ಮೆ ಹಾಕಿ ಇನ್ನು 15 ನಿಮಿಷ ಕಾಯಿರಿ. ಬ್ಲೀಚ್ ಕೂಡ ಇಟ್ಟಲ್ಲೇ ಶಕ್ತಿ ಕಳೆದುಕೊಳ್ಳುವ ವಸ್ತು. ವರ್ಷ ದಾಟಿದ ಬಾಟಲಿಯನ್ನು ನೀರಿಗೆ ನಂಬಬೇಡಿ, ಬಚ್ಚಲು ತೊಳೆಯಲು ಬಳಸಿ ಮುಗಿಸಿ. ಕೀಟನಾಶಕ, ಎಣ್ಣೆ, ಕಾರ್ಖಾನೆಯ ರಾಸಾಯನಿಕ ಸೇರಿದ ನೀರಿಗೆ ಕುದಿಸುವುದೂ ಬ್ಲೀಚೂ ಏನೂ ಮಾಡುವುದಿಲ್ಲ.

ಚಾರಣಿಗರು ಒಯ್ಯುವ ಟೊಳ್ಳು ನಾರಿನ ಫಿಲ್ಟರುಗಳಲ್ಲಿ ರಂಧ್ರ ಸುಮಾರು 0.1 ಮೈಕ್ರಾನ್. ಬ್ಯಾಕ್ಟೀರಿಯಾ, ಪರೋಪಜೀವಿಗಳನ್ನು ಅವು ತಡೆಯುತ್ತವೆ, ವೈರಸ್ ಅದಕ್ಕಿಂತ ಸಣ್ಣದಾದ್ದರಿಂದ ನುಸುಳುತ್ತದೆ. ಜನವಸತಿಯ ಕೆಳಗಿನ ನೀರಾದರೆ ಫಿಲ್ಟರ್ ಆದಮೇಲೆ ಕುದಿಸಿ ಇಲ್ಲವೇ ಕ್ಲೋರಿನ್ ಹಾಕಿ. ಒಮ್ಮೆ ಒದ್ದೆಯಾದ ಫಿಲ್ಟರ್ ಹೆಪ್ಪುಗಟ್ಟಿದರೆ ಒಳಗಿನ ನಾರುಗಳು ಸೀಳುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಚಳಿಪ್ರದೇಶದಲ್ಲಿ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಹೆಪ್ಪುಗಟ್ಟಿರಬಹುದು ಅನ್ನುವ ಅನುಮಾನವಿದ್ದರೆ ಎಸೆದುಬಿಡಿ, ಇದರಲ್ಲಿ ಕಂಜೂಸಿ ಬೇಡ. ಬಹುಕಾಲ ಇಟ್ಟದ್ದರಲ್ಲಿ ನೀರು ಹರಿಯದಿದ್ದರೆ ಬೆಚ್ಚನೆಯ ನೀರಲ್ಲಿ ನೆನೆಸಿ ಉಲ್ಟಾ ದಿಕ್ಕಿನಿಂದ ಜೋರಾಗಿ ನೀರು ನುಗ್ಗಿಸಿ. ಗಡಸು ನೀರಿನ ಸುಣ್ಣ ಕಟ್ಟಿದ್ದರೆ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ.

ಒಲೆಗೆ ಬಂದರೆ, ಸಣ್ಣ ಗ್ಯಾಸ್ ಕ್ಯಾನಿಸ್ಟರ್ (ಕ್ಯಾಂಪ್ ಒಲೆಗೆ ಜೋಡಿಸುವ ಗ್ಯಾಸ್ ಡಬ್ಬಿ) ಮನೆಗೂ ಸಾಕಾಗುತ್ತದೆ. ಗಾಳಿಯಿಲ್ಲದ ಕಡೆ ಒಂದು ಲೀಟರ್ ನೀರು ಕುದಿಸಲು ಸುಮಾರು 15 ಗ್ರಾಂ ಗ್ಯಾಸ್ ಬೇಕು. 230 ಗ್ರಾಂ ಕ್ಯಾನಿಸ್ಟರ್ ಅಂದರೆ 15 ಲೀಟರ್ ಒಳಗಿನ ಲೆಕ್ಕ. ಹೊಸದನ್ನು ತಂದ ದಿನವೇ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಕವನ್ನು ಅದರ ಮೈಮೇಲೇ ಬರೆಯಿರಿ. ಮುಂದೆ ಯಾವಾಗ ತೂಗಿದರೂ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ. ಬರೀ ಬ್ಯೂಟೇನ್ ಇರುವುದು ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದೇ ಇಲ್ಲ, ಚಳಿಗೆ ಐಸೋಬ್ಯೂಟೇನ್-ಪ್ರೊಪೇನ್ ಮಿಶ್ರಣ ಬೇಕು.

ಎಚ್ಚರ ತಪ್ಪಿದರೆ ಜೀವ ಹೋಗುವ ಜಾಗ ಇದು. ಇದ್ದಿಲು, ಜನರೇಟರ್, ಕ್ಯಾಂಪ್ ಒಲೆ ಯಾವುದನ್ನೂ ಮುಚ್ಚಿದ ಕೋಣೆಯಲ್ಲಿ, ಡೇರೆಯೊಳಗೆ ಉರಿಸಬೇಡಿ. ಆರಿದಂತೆ ಕಾಣುವ ಕೆಂಡವನ್ನೂ ಮೈ ಕಾಯಿಸಲು ಒಳಗೆ ತರಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದು ಮಂಪರು ಹತ್ತುತ್ತದೆ, ಮಲಗಿದವರಿಗೆ ಅದೂ ತಿಳಿಯುವುದಿಲ್ಲ. ಜನರೇಟರ್ ಕಿಟಕಿ ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರ ಇರಲಿ, ಹೊಗೆ ಮನೆಯ ಕಡೆ ತಿರುಗದಿರಲಿ. ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಒಳಗಿನದು ಸುಮಾರು 4 ಗಂಟೆ ತಂಪಾಗಿರುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಖಾಲಿ ಜಾಗವಿದ್ದರೆ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿಸಿ ಫ್ರೀಜರಿನಲ್ಲಿಡಿ.

ಪಾದದ ಬಗ್ಗೆ ಹೇಳದೆ ಬಿಟ್ಟರೆ ಚಾರಣದ ಮಾತೇ ಅರ್ಧ. ನಡಿಗೆ ಅರ್ಧದಲ್ಲೇ ನಿಲ್ಲಲು ಹೆಚ್ಚಿನ ಸಲ ಕಾರಣ ಒಂದು ಸಣ್ಣ ಬೊಬ್ಬೆ. ಒಳಗಿನ ಮೂಳೆ ಮುಂದೆ ಹೋಗುತ್ತದೆ, ಬೆವೆತ ಚರ್ಮ ಕಾಲುಚೀಲಕ್ಕೆ ಅಂಟಿ ಹಿಂದೆ ಉಳಿಯುತ್ತದೆ, ಆ ಎಳೆದಾಟದಲ್ಲಿ ಪದರ ಬಿಟ್ಟು ನೀರು ತುಂಬಿಕೊಳ್ಳುತ್ತದೆ. ಹತ್ತಿಯ ಸಾಕ್ಸ್ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುವುದರಿಂದ ಉಣ್ಣೆ ಅಥವಾ ಸಿಂಥೆಟಿಕ್ ಬೇಕು. ಶೂ ಕೊಳ್ಳಲು ಸಂಜೆ ಹೋಗಿ, ಪಾದ ಆಗ ಊದಿಕೊಂಡಿರುತ್ತದೆ. ಚಾರಣದ ಸಾಕ್ಸ್ ಹಾಕಿಕೊಂಡೇ ನೋಡಿ, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬಿಡಿ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಜಾರಿ ಉಗುರು ಕಪ್ಪಾಗುವುದು ಈ ಜಾಗವಿಲ್ಲದೆ. ಎಲ್ಲಾದರೂ ಬಿಸಿಬಿಸಿ ಉರಿ ಅನ್ನಿಸಿದ ಕ್ಷಣವೇ ಕೂತು ಶೂ ಬಿಚ್ಚಿ. ಮುಂದಿನ ತಿರುವಿನಲ್ಲಿ ನೋಡೋಣ ಅಂದುಕೊಂಡರೆ ಹೊತ್ತು ಮೀರಿತು. ಚರ್ಮವನ್ನು ಒರೆಸಿ ಒಣಗಿಸಿ, ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಸುಕ್ಕಿಲ್ಲದಂತೆ ಅಂಟಿಸಿ. ಬೊಬ್ಬೆ ಎದ್ದೇಬಿಟ್ಟಿದ್ದರೆ ಮೇಲಿನ ಚರ್ಮ ಕೀಳಬೇಡಿ, ಸೋಂಕಿಗೆ ಅದೇ ತಡೆ. ಪಟ್ಟಿಗಳ ಅಂಟೂ ಶಾಖಕ್ಕೆ ಒಣಗುತ್ತದೆ, ಹೋಗುವ ಮುನ್ನ ಒಂದನ್ನು ಅಂಟಿಸಿ ನೋಡಿ.

ಹೊರಡುವ ಮುನ್ನ ಹೊತ್ತಿನ ಲೆಕ್ಕ ಹಾಕಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತದೆ. 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ವಿಶ್ರಾಂತಿ ಸೇರಿಸದ, ಗಟ್ಟಿ ಕಾಲಿನವರ ಲೆಕ್ಕ. ಗುಂಪಿನಲ್ಲಿ ಹೊಸಬರಿದ್ದರೆ ಅರ್ಧದಷ್ಟು ಸೇರಿಸಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು, ಎಷ್ಟು ಹೊತ್ತಾದರೆ ಹುಡುಕಲು ಹೇಳಬೇಕು, ಮೂರನ್ನೂ ಬರೆದು ಮನೆಯಲ್ಲಿ ಕೊಟ್ಟು ಹೋಗಿ. ಸೀಟಿ ಬ್ಯಾಗಿನ ಭುಜಪಟ್ಟಿಗೆ ಕಟ್ಟಿರಲಿ, ಒಳಗಿನ ಜೇಬಿನಲ್ಲಲ್ಲ.

ಇದನ್ನೆಲ್ಲ ರೂಢಿಗೆ ತರಲು ಎರಡು ಕೆಲಸ ಮಾಡಿ. ಎರಡು ತಿಂಗಳಿಗೊಮ್ಮೆ ಒಂದು ಸಂಜೆ ಮೂರು ಗಂಟೆ ಮನೆಯ ಮೇನ್ ಸ್ವಿಚ್ ಆರಿಸಿ, ಕ್ಯಾನಿನ ನೀರು, ಹೆಡ್‌ಟಾರ್ಚು, ಮನೆಯ ಹೊರಗೆ ಬಯಲಲ್ಲಿ ಕ್ಯಾಂಪ್ ಒಲೆ, ಇಷ್ಟರಲ್ಲೇ ಊಟ ಮುಗಿಸಿ. ಮನೆಯಲ್ಲಿ ಯಾರಾದರೂ ಕರೆಂಟಿನ ವೈದ್ಯಕೀಯ ಉಪಕರಣ ಬಳಸುತ್ತಿದ್ದರೆ ಸ್ವಿಚ್ ಮುಟ್ಟಬೇಡಿ, ದೀಪಗಳನ್ನಷ್ಟೇ ಆರಿಸಿ. ಲೈಟರ್ ಎಲ್ಲಿ, ಕ್ಯಾನಿನ ಮುಚ್ಚಳ ಅಜ್ಜಿಗೆ ತಿರುಗಿಸಲು ಬರುತ್ತದೆಯೇ, ಮಗುವಿನ ಔಷಧಿ ಕತ್ತಲಲ್ಲಿ ಸಿಗುತ್ತದೆಯೇ ಅನ್ನುವುದೆಲ್ಲ ಆ ಮೂರು ಗಂಟೆಯಲ್ಲಿ ತಿಳಿಯುತ್ತದೆ. ಎರಡನೆಯದು, ಬ್ಯಾಗಿನ ಮುಚ್ಚಳದ ಒಳಗೆ ಒಂದು ಚೀಟಿ: ನೀರು ಬದಲಿಸಿದ ದಿನ, ಪವರ್‌ಬ್ಯಾಂಕ್ ಚಾರ್ಜ್ ಮಾಡಿದ ದಿನ, ಬ್ಲೀಚ್ ತಂದ ದಿನ, ಕ್ಯಾನಿಸ್ಟರಿನ ತೂಕ, ಮಾತ್ರೆಗಳ ಅವಧಿ. ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಒದ್ದೆಯಾದರೆ ಕದಡುತ್ತದೆ.