ಮುಖ್ಯ ಅತಿಥಿ ಇಲ್ಲದ ಸಂಜೆಗಳು

ನಡಿಕೇರಿಯಂಡ ಚಿಣ್ಣಪ್ಪನವರು ಕೊಡಗಿನ ಊರೂರುಗಳಿಂದ ಕೂಡಿಟ್ಟ ಹಾಡು, ಗಾದೆ, ಪದ್ಧತಿಗಳು ‘ಪಟ್ಟೋಲೆ ಪಳಮೆ’ ಎಂಬ ಪುಸ್ತಕವಾಗಿ ಅಚ್ಚಾದದ್ದು 1924ರಲ್ಲಿ. ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿ ಲೂಯಿಸ್ ಕರ್ಟಿಸ್ ಬೋಕ್ ಎಂಬುವವರು ಒಂದು ಸಂಗೀತ ಶಾಲೆ ತೆರೆದರು. ಅದೇ ಕರ್ಟಿಸ್ ಇನ್‌ಸ್ಟಿಟ್ಯೂಟ್ ಆಫ್ ಮ್ಯೂಸಿಕ್. ಇವೆರಡಕ್ಕೂ ಏನೂ ಸಂಬಂಧವಿಲ್ಲ, ನಿಜ. ಆದರೆ ಮಡಿಕೇರಿಯಲ್ಲಿ ಬೆಳೆದು ಈಗ ಫಿಲಡೆಲ್ಫಿಯಾದಲ್ಲಿ ಸಂಸಾರ ಹೂಡಿರುವವನಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಚಪಲ ತಪ್ಪುವುದಿಲ್ಲ.

ಕರ್ಟಿಸ್ ದೊಡ್ಡ ಹೆಸರಿನ ಶಾಲೆ. 1928ರಿಂದ ಯಾರ ಹತ್ತಿರವೂ ಪಾಠದ ಶುಲ್ಕ ತೆಗೆದುಕೊಂಡಿಲ್ಲ. ಒಟ್ಟು ವಿದ್ಯಾರ್ಥಿಗಳು ನೂರೈವತ್ತರ ಆಸುಪಾಸು. ಲಿಯೊನಾರ್ಡ್ ಬರ್ನ್‌ಸ್ಟೈನ್, ಹಿಲರಿ ಹಾನ್, ಲಾಂಗ್ ಲಾಂಗ್‌ರಂಥ ಜಗತ್ಪ್ರಸಿದ್ಧ ಸಂಗೀತಗಾರರೆಲ್ಲ ಇಲ್ಲಿ ಕಲಿತವರೇ. ಒಳಗೆ ಸೇರುವುದು ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಾಗಿಲ್ಲ. ಆ ಹಿರಿಮೆ ಅವರಿಗಿರಲಿ. ನನಗೆ ಬೇಕಾದದ್ದು ಅವರ ಬಾಗಿಲಾಚೆ ನಿಂತವರಿಗೂ ಸಿಗುವ ಒಂದು ಸವಲತ್ತು. ಶರತ್ಕಾಲ ಶುರುವಾದರೆ ಮುಂದಿನ ಬೇಸಿಗೆ ಹತ್ತಿರವಾಗುವ ತನಕ ಅಲ್ಲಿ ವಿದ್ಯಾರ್ಥಿಗಳ ಸಂಗೀತ ಕಚೇರಿಗಳು ನಡೆಯುತ್ತಲೇ ಇರುತ್ತವೆ. ರಿಟನ್‌ಹೌಸ್ ಚೌಕದ ಪಕ್ಕದಲ್ಲೇ ಶಾಲೆ. ಒಳಗೆ ಮರದ ಕೆಲಸದ ಒಂದು ಚಿಕ್ಕ ಸಭಾಂಗಣ. ಆಫೀಸು ಮುಗಿಸಿ ಬಂದವರು, ಪಕ್ಕದ ಬೀದಿಯ ಮುದುಕರು, ಇನ್ನೊಬ್ಬ ವಿದ್ಯಾರ್ಥಿಯ ಗೆಳೆಯರು ಬಂದು ಕೂರುತ್ತಾರೆ. ದುಡ್ಡು ಕೊಡಬೇಕಾಗಿಲ್ಲ.

ಮೊದಲ ಸಲ ಹೋದಾಗ ನನಗೆ ವಿಚಿತ್ರ ಅನ್ನಿಸಿದ್ದು ಸಂಗೀತ ಅಲ್ಲ. ಅಲ್ಲಿ ಯಾರೂ ಮಾತಾಡಲಿಲ್ಲ! ದೀಪ ಬೆಳಗಲಿಲ್ಲ, ಸ್ವಾಗತ ಭಾಷಣ ಇಲ್ಲ, ವಂದನಾರ್ಪಣೆ ಇಲ್ಲ. ಒಬ್ಬ ಹುಡುಗ ಬಂದ, ತಲೆ ಬಾಗಿಸಿದ, ನುಡಿಸಿದ, ಹೋದ. ಆಮೇಲೆ ಪಿಟೀಲು, ವಯೋಲಾ, ಚೆಲ್ಲೊ ಹಿಡಿದ ನಾಲ್ವರು ಬಂದರು. ಕೈಗೆ ಕೊಟ್ಟ ಹಾಳೆಯಲ್ಲಿ ಕೃತಿಯ ಹೆಸರು, ರಚನೆಯ ವರ್ಷ, ನುಡಿಸುವವರ ಹೆಸರು ಇಷ್ಟೇ. ನಾಲ್ವರಿಗೆ ಎದುರು ನಿಂತು ಕೋಲು ಬೀಸುವವರು ಯಾರೂ ಇರುವುದಿಲ್ಲ. ಮೊದಲ ಪಿಟೀಲಿನವಳು ‘ಸುಂಯ್’ ಅಂತ ಮೂಗಿನಲ್ಲಿ ಉಸಿರೆಳೆದುಕೊಳ್ಳುತ್ತಾಳೆ, ನಾಲ್ಕು ಕಮಾನೂ ಒಟ್ಟಿಗೆ ತಂತಿಗೆ ಇಳಿಯುತ್ತವೆ. ಆ ಉಸಿರು ಮೂರನೇ ಸಾಲಿಗೂ ಕೇಳಿಸುತ್ತದೆ. ಮೈಕ್ ಇಲ್ಲವಲ್ಲ.

ಚೇಂಬರ್ ಸಂಗೀತ ಅನ್ನುವುದು ಹೀಗೇ, ಕೆಲವೇ ಜನ ಸೇರಿ ಒಬ್ಬೊಬ್ಬರು ಒಂದೊಂದು ಭಾಗ ನುಡಿಸುವುದು. ಮೊದಲು ಅದು ಮನೆಗಳಲ್ಲಿ, ಅರಮನೆಯ ಕೋಣೆಗಳಲ್ಲಿ ನಡೆಯುತ್ತಿತ್ತು. ಹೈಡನ್ ಎಂಬ ಸಂಗೀತ ರಚನಕಾರನೊಬ್ಬನೇ 68 ಕ್ವಾರ್ಟೆಟ್, ಅಂದರೆ ನಾಲ್ವರು ನುಡಿಸುವ ಕೃತಿ, ಬರೆದ. ಇನ್ನೊಬ್ಬ ರಚನಕಾರ ಮೆಂಡೆಲ್ಸನ್ ಎಂಟು ತಂತಿವಾದ್ಯಗಳಿಗೆ ತನ್ನ ಆಕ್ಟೆಟ್ ಬರೆದದ್ದು 1825ರಲ್ಲಿ, ಆಗ ಅವನಿಗೆ ಹದಿನಾರು ವರ್ಷ. ಬರ್ಲಿನ್ನಿನ ಅವರ ಮನೆಯಲ್ಲಿ ಭಾನುವಾರಗಳಂದು ಕಚೇರಿ ನಡೆಯುತ್ತಿತ್ತು. ಹುಡುಗ ಬುದ್ಧಿವಂತ, ಒಪ್ಪೋಣ. ಆದರೆ ಬರೆದದ್ದನ್ನು ನುಡಿಸಿ ನೋಡಲು ಒಂದು ಜಾಗ, ಕೇಳಲು ಒಂದಷ್ಟು ಕಿವಿ ಮನೆಯಲ್ಲೇ ಇದ್ದವು ಅನ್ನುವುದನ್ನು ಮರೆಯಬಾರದು. ಕರ್ಟಿಸ್‌ನ ಮೊದಲ ತಂಡದಲ್ಲಿ ಸೇರಿದ ರಚನಕಾರ ಸ್ಯಾಮ್ಯುಯೆಲ್ ಬಾರ್ಬರ್ ಕಥೆಯೂ ಇದಕ್ಕೆ ಹತ್ತಿರ. ಇವತ್ತು ದೊಡ್ಡ ದೊಡ್ಡ ತಂಡಗಳು ನುಡಿಸುವ ಅವನ ‘ಅಡಾಜಿಯೊ’ ಎಂಬ ನಿಧಾನಗತಿಯ ಕೃತಿ ಹುಟ್ಟಿದ್ದು 1936ರಲ್ಲಿ, ನಾಲ್ಕೇ ವಾದ್ಯಗಳ ಒಂದು ಕ್ವಾರ್ಟೆಟ್‌ನ ಒಳಗೆ.

ಈಗ ಮಡಿಕೇರಿಗೆ ಬರೋಣ. ನನ್ನ ಅಕ್ಕನ ಮಗಳು ಪಿಟೀಲು ಕಲಿಯುತ್ತಾಳೆ. ಜೂನಿಯರ್ ಪರೀಕ್ಷೆ ಮುಗಿಸಿದ್ದಾಳೆ, ಸೀನಿಯರ್‌ಗೆ ಕೂರಬೇಕು. ಚೆನ್ನಾಗಿಯೇ ನುಡಿಸುತ್ತಾಳೆ.

‘ಒಬ್ಬಳೇ ಕೂತು ಅರ್ಧ ಗಂಟೆ ಯಾವಾಗಾದರೂ ನುಡಿಸಿದ್ದೀಯಾ?’ ಅಂತ ಫೋನಿನಲ್ಲಿ ಕೇಳಿದೆ.

‘ಇಲ್ಲ ಮಾವ. ವಾರ್ಷಿಕೋತ್ಸವದಲ್ಲಿ ಎಲ್ಲರೂ ಸೇರಿ ಒಂದು ವರ್ಣ, ಒಂದು ಕೀರ್ತನೆ. ಗಣಪತಿ ಪೆಂಡಾಲಿನಲ್ಲಿ ಒಂದು ದೇವರನಾಮ. ಪರೀಕ್ಷೆಯಲ್ಲಿ ಒಬ್ಬಳೇ ನುಡಿಸಿದೆ, ಅದು ಲೆಕ್ಕಕ್ಕೆ ಬರುತ್ತಾ?’

ವಾರ್ಷಿಕೋತ್ಸವ ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ಐದೂವರೆಗೆ ಶುರು ಅಂತ ಆಮಂತ್ರಣದಲ್ಲಿರುತ್ತದೆ. ಮುಖ್ಯ ಅತಿಥಿ ಬರುವುದು ಆರೂಕಾಲಿಗೆ. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಸಂಗೀತದಿಂದ ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಅಂತ ಮುಖ್ಯ ಅತಿಥಿ ಮುಕ್ಕಾಲು ಗಂಟೆ ಹೇಳುತ್ತಾರೆ. ಆಮೇಲೆ ಅವರಿಗೆ ಬೇರೆ ಕಾರ್ಯಕ್ರಮ ಇರುತ್ತದೆ, ಹೊರಡುತ್ತಾರೆ. ಅರ್ಧ ಸಭೆ ಅವರ ಹಿಂದೆ ಎದ್ದು ಹೋಗುತ್ತದೆ. ಸಮಯದ ಅಭಾವದಿಂದ ಮಕ್ಕಳು ದಯವಿಟ್ಟು ಚುಟುಕಾಗಿ ಮುಗಿಸಬೇಕು ಅಂತ ಮೈಕಿನಲ್ಲಿ ಪ್ರಕಟಣೆ. ವರ್ಷವಿಡೀ ಕಲಿತದ್ದಕ್ಕೆ ಸಿಕ್ಕಿದ್ದು ನಾಲ್ಕು ನಿಮಿಷ, ಅದೂ ಹತ್ತು ಪಿಟೀಲುಗಳ ಮಧ್ಯೆ. ಯಾರು ಅಪಶ್ರುತಿ, ಯಾರು ಸರಿ, ದೇವರಿಗೂ ಗೊತ್ತಾಗಲಿಕ್ಕಿಲ್ಲ.

ನಮ್ಮಲ್ಲಿ ಇದರ ಆಚೆ ವೇದಿಕೆ ಅಂದರೆ ಸ್ಪರ್ಧೆ. ಬಾಳೋಪಾಟ್ ಸ್ಪರ್ಧೆ, ಕೋಲಾಟ ಸ್ಪರ್ಧೆ, ಉಮ್ಮತ್ತಾಟ್ ಸ್ಪರ್ಧೆ, ಭಾವಗೀತೆ ಸ್ಪರ್ಧೆ. ಬಾಳೋಪಾಟ್ ಅಂದರೆ ದುಡಿ ಬಡಿದು ಹಾಡುವ ಕೊಡವ ಹಾಡು, ಉಮ್ಮತ್ತಾಟ್ ಅಂದರೆ ಹೆಂಗಸರ ಕುಣಿತ. ಮೊದಲನೆಯದು, ಎರಡನೆಯದು, ಸಮಾಧಾನಕರ. ಬಹುಮಾನ ಇಲ್ಲದಿದ್ದರೆ ಯಾರೂ ಬರುವುದಿಲ್ಲ ಅಂತ ನಡೆಸುವವರು ಹೇಳುತ್ತಾರೆ. ಅವರನ್ನು ಬೈಯುವುದು ಸುಲಭ. ಆದರೆ ಕೊಡಗಿನ ಜನಕ್ಕೆ ಪೈಪೋಟಿ ಇಷ್ಟ ಅನ್ನುವುದೂ ಸುಳ್ಳಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೌಟುಂಬಿಕ ಹಾಕಿ ಇವತ್ತು ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಹಬ್ಬ. ಅಜ್ಜ, ಮೊಮ್ಮಗ, ಸೊಸೆ ಎಲ್ಲ ಒಂದೇ ತಂಡದಲ್ಲಿ ಆಡುತ್ತಾರೆ. ತಿಂಗಳುಗಟ್ಟಲೆ ನಡೆಯುವ ಒಂದು ಕಾರ್ಯಕ್ರಮವನ್ನು ನಾವು ನಡೆಸಬಲ್ಲೆವು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಹಾಕಿಗೆ ಗೆಲುವು ಬೇಕು, ಆಟವೇ ಹಾಗೆ. ರಾಗಕ್ಕೆ ಏನು ಗೆಲುವು? ತೀರ್ಪುಗಾರರ ಎದುರು ನುಡಿಸುವ ಮಗು ತಪ್ಪದಂತೆ ನುಡಿಸಲು ಕಲಿಯುತ್ತದೆ. ತಪ್ಪಿದ ಮೇಲೆ ಎದ್ದು ಮುಂದೆ ಹೋಗುವುದನ್ನು ಕಲಿಯುವುದಿಲ್ಲ. ಕರ್ಟಿಸ್‌ನಲ್ಲಿ ಒಂದು ಸಂಜೆ ಕ್ವಾರ್ಟೆಟ್ ನಡುವೆ ಲಯ ಕಳಚಿಕೊಂಡಿತು. ಚೆಲ್ಲೊದವನು ತನ್ನ ಸ್ವರವನ್ನು ಸ್ವಲ್ಪ ಒತ್ತಿ ನುಡಿಸಿದ, ಉಳಿದ ಮೂವರು ಅಲ್ಲಿಗೆ ಬಂದು ಸೇರಿಕೊಂಡರು. ಪರೀಕ್ಷೆಯ ಕೋಣೆಯಲ್ಲಿ ಅದನ್ನು ಕಲಿಸಲು ಆಗುವುದಿಲ್ಲ. ಅದಕ್ಕೆ ಮತ್ತೆ ಮತ್ತೆ ವೇದಿಕೆ ಸಿಗಬೇಕು. ಕಾಫಿ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ: ಗಿಡ ಹೂ ಬಿಡಲು ಬೇಕಾದ ಹೂಮಳೆ ಒಂದು ಬಿದ್ದರೆ ಸಾಲದು, ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬರಬೇಕು. ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ.

ಹಾಗಂತ ಇಲ್ಲಿನದೆಲ್ಲ ಚೆನ್ನ, ನಮ್ಮದೆಲ್ಲ ಹಾಳು ಅಂತ ನಾನು ಹೇಳಲಾರೆ. ಬಾಳೋಪಾಟನ್ನೇ ನೋಡಿ. ನಾಲ್ವರು ಗಂಡಸರು, ಕೈಯಲ್ಲಿ ದುಡಿ ಎಂಬ ನಾಲ್ಕು ಪುಟ್ಟ ಚರ್ಮವಾದ್ಯ. ಇಬ್ಬರು ಸಾಲು ಎತ್ತುತ್ತಾರೆ, ಇನ್ನಿಬ್ಬರು ಹಿಡಿದುಕೊಳ್ಳುತ್ತಾರೆ. ಅವರಿಗೂ ಎದುರು ಕೋಲು ಬೀಸುವವರಿಲ್ಲ. ಮದುವೆಗೆ ಒಂದು ಪಾಟ್, ಸಾವಿಗೆ ಒಂದು, ಹುತ್ತರಿಗೆ ಇನ್ನೊಂದು. ಸುತ್ತ ಜನ ಓಡಾಡುತ್ತಿರುತ್ತಾರೆ, ಮಕ್ಕಳು ಕಿರುಚುತ್ತಿರುತ್ತಾರೆ, ಅಡುಗೆಮನೆಯಿಂದ ಪಂದಿಕರಿಯ ಘಮ. ಪಾಟ್ ನಿಲ್ಲುವುದಿಲ್ಲ. ಫಿಲಡೆಲ್ಫಿಯಾದ ಸಭಾಂಗಣದಲ್ಲಿ ಕೆಮ್ಮು ಬಂದರೆ ನನಗೆ ಪ್ರಾಣವೇ ಹೋದಂತಾಗುತ್ತದೆ. ಒಂದು ಭಾಗ ಮುಗಿದಾಗ ಚಪ್ಪಾಳೆ ತಟ್ಟುವ ಹಾಗಿಲ್ಲ, ಇಡೀ ಕೃತಿ ಮುಗಿಯುವವರೆಗೆ ಕಾಯಬೇಕು. ಒಳ್ಳೆಯ ಸಂಗತಿ ಬಂದಾಗ ‘ಭೇಷ್’ ಅನ್ನಲು ನಾಲಿಗೆ ತುರಿಸುತ್ತದೆ, ಅನ್ನುವಂತಿಲ್ಲ. ಕೇಳುಗರಲ್ಲಿ ನರೆಗೂದಲೇ ಜಾಸ್ತಿ. ಹೈಡನ್ ಕಾಲದಲ್ಲಿ ಮನೆಯೊಳಗೆ ಕೂತು ನುಡಿಸುತ್ತಿದ್ದದ್ದು ಇವತ್ತು ಇಷ್ಟು ಬಿಗಿಯಾಗಿ ಕೂತಿದೆ. ನಮ್ಮ ಪಾಟ್ ಇನ್ನೂ ಮನೆಯೊಳಗೇ ಇದೆ. ಅದನ್ನು ಎತ್ತಿ ಸಭಾಂಗಣಕ್ಕೆ ತಂದು ಕೂರಿಸಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಒಂದು ವಿಷಯದಲ್ಲಿ ನಮಗೆ ನಾಚಿಕೆಯಾಗಬೇಕು. ಕೊಡಗಿನ ಮದುವೆಯಲ್ಲಿ ವಾಲಗ ಇಲ್ಲದೆ ಹೆಜ್ಜೆ ಎತ್ತುವುದಿಲ್ಲ. ಆ ಬಡಿತಕ್ಕೆ ಕೈ ಎತ್ತಿ ಕುಣಿಯದ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಹುಡುಕಿದರೂ ಸಿಗಲಾರ. ಮದುವೆಯ ಕಾಗದದಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರ ಹೆಸರೂ ಇರುತ್ತದೆ. ವಾಲಗ ಊದಿದವರ ಹೆಸರು ಎಲ್ಲಿದೆ? ಅವರ ಜಾತಿ ಯಾವುದು ಅಂತ ಇಡೀ ಊರಿಗೆ ಗೊತ್ತು, ಹೆಸರು ಕೇಳಿದರೆ ‘ವಾಲಗದವರು’ ಅನ್ನುತ್ತೇವೆ. ಅವರ ಊಟ ಎಲ್ಲರದೂ ಆದ ಮೇಲೆ. ಕರ್ಟಿಸ್‌ನ ಹಾಳೆಯಲ್ಲಿ ಹದಿಮೂರು ವರ್ಷದ ಹುಡುಗಿಯ ಹೆಸರೂ ಪೂರ್ತಿಯಾಗಿ ಅಚ್ಚಾಗಿರುತ್ತದೆ. ಒಂದು ಹಾಳೆ, ಒಂದು ಸಾಲು ಶಾಯಿ. ಇದಕ್ಕೆ ಅಮೆರಿಕದ ದುಡ್ಡೇನೂ ಬೇಕಾಗಿಲ್ಲ.

ಕರ್ಟಿಸ್ ಮಾದರಿಯ ಶಾಲೆ ಕೊಡಗಿಗೆ ಬೇಕಾಗಿಲ್ಲ, ಬರುವುದೂ ಇಲ್ಲ. ನಾವು ನೋಡಬೇಕಾದದ್ದು ಅದರ ತಾಯಿಬೇರಿನ ಕಡೆಗೆ. ಮೇರಿ ಬೋಕ್ ಅದಕ್ಕಿಂತ ಮೊದಲು ಫಿಲಡೆಲ್ಫಿಯಾದ ದಕ್ಷಿಣ ಭಾಗದ ಸೆಟಲ್‌ಮೆಂಟ್ ಮ್ಯೂಸಿಕ್ ಸ್ಕೂಲ್‌ಗೆ ಕೈಜೋಡಿಸಿದ್ದರು. 1908ರಲ್ಲಿ ಶುರುವಾದ ಶಾಲೆ ಅದು. ವಲಸೆ ಬಂದ ಬಡವರ ಮಕ್ಕಳಿಗೆ ಐದು ಸೆಂಟಿಗೆ ಒಂದು ಪಿಯಾನೊ ಪಾಠ. ಅಲ್ಲಿ ಪ್ರತಿಭೆ ಇದೆಯಾ ಅಂತ ಅಳೆದು ಒಳಗೆ ಬಿಡುವ ಪದ್ಧತಿ ಇರಲಿಲ್ಲ, ಬಂದವರಿಗೆಲ್ಲ ಕಲಿಸುತ್ತಿದ್ದರು. ಇವತ್ತಿಗೂ ನಡೆಯುತ್ತಿದೆ, ದೊಡ್ಡವರೂ ಹೋಗಿ ಕಲಿಯುತ್ತಾರೆ. ಒಳ್ಳೆಯ ಶಾಲೆಗಿಂತ ಮೊದಲು ಒಂದು ಬೀದಿಗೇ ಕಿವಿ ಬಂದಿತ್ತು ಅಂತ ನನಗೆ ಅನ್ನಿಸುತ್ತದೆ.

ಮಡಿಕೇರಿಯಲ್ಲಿ ಮಾಡಬಹುದಾದದ್ದು ಚಿಕ್ಕದು. ಹದಿನೈದು ದಿನಕ್ಕೊಂದು ಸಂಜೆ, ಮೂವರು ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಒಂದು ಸಂಜೆ ಪಿಟೀಲು, ಹಾಡು, ಕೊಳಲು. ಇನ್ನೊಂದು ಸಂಜೆ ವಾಲಗ ಊದುವ ಮನೆಯ ಹುಡುಗನೇ ಮುಖ್ಯ ಕಲಾವಿದ, ಅವನಿಗೂ ಕುರ್ಚಿ, ಅವನ ಹೆಸರೂ ಹಾಳೆಯಲ್ಲಿ. ಭಾಷಣ ಬೇಡ. ಕರ್ಟಿಸ್‌ನಲ್ಲಿ ಬುಧವಾರ ಮಧ್ಯಾಹ್ನ ವಿದ್ಯಾರ್ಥಿಗಳೂ ಗುರುಗಳೂ ಒಟ್ಟಿಗೆ ಟೀ ಕುಡಿಯುವ ಹಳೆಯ ವಾಡಿಕೆ ಇದೆ. ನಮ್ಮಲ್ಲಿ ಕಾಫಿ ಇರಲಿ, ಬೆಲ್ಲದ್ದು.

ಯಾವಾಗ ಅನ್ನುವುದು ನಿಜವಾದ ತಲೆನೋವು. ಡಿಸೆಂಬರಿನಿಂದ ಕಾಫಿ ಕೊಯ್ಲು, ಯಾರಿಗೂ ಪುರುಸೊತ್ತಿಲ್ಲ. ಏಪ್ರಿಲ್, ಮೇ ಅಂದರೆ ಮದುವೆ ಮತ್ತು ಹಾಕಿ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಶುಭಕಾರ್ಯ ಇರುವುದಿಲ್ಲ, ಎಲ್ಲರೂ ಮನೆಯಲ್ಲೇ. ಆಗಲೇ ಮಾಡಬಹುದಲ್ಲ ಅಂತ ನಾನು ಅಂದರೆ ಅಕ್ಕ ನಕ್ಕುಬಿಟ್ಟಳು. ‘ಶೀಟ್ ಮಾಡಿನ ಮೇಲೆ ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ, ಪಿಟೀಲು ಎಲ್ಲಿ ಕೇಳಿಸುತ್ತದೆ ಮಾರಾಯ?’ ಸರಿಯಾದ ಮಾತು. ಆ ತೇವದಲ್ಲಿ ಮೃದಂಗದ ತೊಗಲು ಸಡಿಲ, ಪಿಟೀಲಿನ ಅಂಟು ಬಿಟ್ಟರೂ ಬಿಟ್ಟೀತು. ಇಲ್ಲಿ ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ ಮರ ಸೀಳುತ್ತದೆ ಅಂತ ವಿದ್ಯಾರ್ಥಿಗಳು ಪಿಟೀಲಿನ ಪೆಟ್ಟಿಗೆಯೊಳಗೆ ತೇವದ ಕೊಳವೆ ಇಡುತ್ತಾರೆ. ನಮ್ಮದು ಇದರ ತಿರುಗುಮುರುಗು. ಹಾಗಾಗಿ ಕೈಲ್ ಪೊಳ್ದ್ ಹಬ್ಬ ಮುಗಿದು ನಾಟಿ ಕೆಲಸ ಕಳೆದ ಮೇಲೆ, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ಮೊದಲು, ಆ ಐದಾರು ವಾರ ನನಗೆ ಸರಿ ಕಾಣುತ್ತದೆ. ದಸರಾ ಅದರೊಳಗೆ ಬಂದರೆ ಒಂದು ಸಂಜೆ ಬಿಟ್ಟರಾಯಿತು.

ಮೊನ್ನೆ ಇದನ್ನೆಲ್ಲ ಹೇಳಿದಾಗ ಅಕ್ಕನ ಮಗಳು ಕೇಳಿದ್ದು ಒಂದೇ: ‘ಮಾವ, ಮೃದಂಗಕ್ಕೆ ಯಾರು?’ ಅವಳ ಪಾಠದಲ್ಲಿ ಮೃದಂಗ ಕಲಿಯುವವರಿಲ್ಲ, ವಾರ್ಷಿಕೋತ್ಸವಕ್ಕೆ ಮೈಸೂರಿನಿಂದ ಕರೆಸುತ್ತಾರೆ. ಬಸ್ಸಿನ ಖರ್ಚು, ಸಂಭಾವನೆ, ರಾತ್ರಿ ಉಳಿಯಲು ಕೋಣೆ. ಮಡಿಕೇರಿ ದಸರಾದ ಮಂಟಪಕ್ಕೆ, ಹಾಕಿಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹೊರನಾಡಿನಲ್ಲಿರುವ ನಮ್ಮಂಥವರು ವರ್ಷವರ್ಷ ಕಳಿಸುತ್ತೇವಲ್ಲ, ಅದರ ಮುಂದೆ ಇದು ಏನೂ ಅಲ್ಲ. ಈ ಸಲದ ಸೆಪ್ಟೆಂಬರಿಗೆ ಮೃದಂಗದವರ ಖರ್ಚು ನನ್ನದು. ಸಭಾಂಗಣದ ಬಾಡಿಗೆ ಹೊರಲು ಇನ್ನೊಬ್ಬರು ಬೇಕು.